ಗಾಳಿಯಿಲ್ಲದ ದಿನ ಬಂದ ಅಲೆ

ಮೊನ್ನೆ ನಾಯಂಡಹಳ್ಳಿಯಲ್ಲಿ ಮೆಟ್ರೊ ಇಳಿದು ನಡೆಯುತ್ತಿದ್ದೆ. ಒಂದು ವರ್ಕ್‌ಶಾಪಿನ ಒಳಗಿಂದ ಸೀಸ ಕರಗಿಸುವ ವಾಸನೆ ಬಂತು. ಹಳೆಯ ನಾಣ್ಯವನ್ನು ನಾಲಿಗೆಯ ಮೇಲೆ ಇಟ್ಟುಕೊಂಡ ಹಾಗಿರುವ ಒಣ ವಾಸನೆ. ನನಗೇ ಗೊತ್ತಿಲ್ಲದೆ ನಿಂತುಬಿಟ್ಟಿದ್ದೆ. "ಅಣ್ಣಾ, ಸೈಡ್!" ಎಂದು ಹಿಂದಿನಿಂದ ಡೆಲಿವರಿ ಹುಡುಗನೊಬ್ಬ ಕೂಗಿದಾಗಲೇ ಎಚ್ಚರವಾದದ್ದು.

ಮಹಡಿ ಮನೆಯ ಅಣ್ಣ ಶನಿವಾರದ ಸಂಜೆಗಳಲ್ಲಿ ಇದೇ ವಾಸನೆ ಹೊತ್ತು ಮನೆಗೆ ಬರುತ್ತಿದ್ದರು…

ಆಗ ಹೇರೋಹಳ್ಳಿಯ ಅವರ ಕಟ್ಟಡದಲ್ಲಿ ಕೆಳಗಿನ ಮನೆ ನಮ್ಮದು, ಬಾಡಿಗೆಗೆ. ಅವರ ಹಿರಿಯರ ಹೊಲವೆಲ್ಲ ಸೈಟುಗಳಾಗಿ ಹೋಗಿತ್ತು. ಅಣ್ಣ ನಾಯಂಡಹಳ್ಳಿಯಲ್ಲಿ ಲೇತ್ ಮೆಷಿನ್ ಹಾಕಿಕೊಂಡಿದ್ದರು. ನನ್ನ ಅಮ್ಮ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದರು. ನಾನು ಹಗಲು ಗೋಡೌನ್‌ನಲ್ಲಿ ಮೂಟೆ ಲೆಕ್ಕ ಬರೆದು, ಸಂಜೆ ಕಾಲೇಜಿಗೆ ಹೋಗಿ ಬಿ.ಕಾಂ. ಮುಗಿಸಿದೆ. ನಮ್ಮ ವಂಶದಲ್ಲಿ ಅದೇ ಮೊದಲ ಡಿಗ್ರಿ. ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ, ಕಷ್ಟಪಟ್ಟು ಪಡೆದದ್ದು. ರಿಸಲ್ಟ್ ಬಂದ ದಿನ ಬೀದಿಗೆಲ್ಲ ಮೈಸೂರು ಪಾಕ್ ಹಂಚಿದವರು ಅಣ್ಣ. ಅಂದಿನಿಂದ ಅವರ ಬಾಯಲ್ಲಿ ನನ್ನ ಹೆಸರೇ ಅಳಿಸಿಹೋಯಿತು. "ಏನ್ ಡಿಗ್ರಿ, ಊಟ ಆಯ್ತಾ?"

ಅವರಿಗೆ ಇದ್ದದ್ದು ಒಂದೇ ಹುಚ್ಚು, ಗಾಳ ಹಾಕುವುದು. ಕಲಿತದ್ದು ಹೇರೋಹಳ್ಳಿ ಕೆರೆಯಲ್ಲಿ, ಚಡ್ಡಿ ಹಾಕುವ ವಯಸ್ಸಿನಲ್ಲಿ. ನಲವತ್ತು ದಾಟಿದ ಮೇಲೆ ಯಾರೋ ಸ್ನೇಹಿತರು ಕುಮಟಾದ ಕಡೆ ಕರೆದುಕೊಂಡು ಹೋಗಿ ಕಡಲಿನ ರುಚಿ ಹತ್ತಿಸಿದರು. ಆಮೇಲೆ ಪ್ರತಿ ಮೇ ತಿಂಗಳು ತಪ್ಪಿಸಲಿಲ್ಲ. ಮಳೆಗಾಲ ಹಿಡಿಯುವ ಮುಂಚೆ ದೊಡ್ಡ ಮೀನುಗಳು ಬಂಡೆಗಳ ಹತ್ತಿರ ಮೇಯಲು ಬರುತ್ತವೆ ಎನ್ನುತ್ತಿದ್ದರು. ಅದಕ್ಕಾಗಿ ದುಬಾರಿ ರಾಡು, ದಾರ ಸುತ್ತಿಡುವ ರೀಲು. ದಾರಕ್ಕೆ ಕಟ್ಟುವ ಸೀಸದ ಗುಂಡು ಮಾತ್ರ ಅಂಗಡಿಯದಲ್ಲ, ವರ್ಕ್‌ಶಾಪಿನಲ್ಲಿ ತಾವೇ ಎರಕ ಹೊಯ್ದದ್ದು. ಹಿಡಿದ ಮೀನನ್ನು ತಿನ್ನುತ್ತಲೂ ಇರಲಿಲ್ಲ. ಎತ್ತಿ ಹಿಡಿದು ಒಂದು ಫೋಟೊ, ಮತ್ತೆ ನೀರಿಗೆ.

"ಹೋಗೋದು ಮೀನಿಗೆ, ತರೋದು ಮರಳು," ಎಂದು ಅವರ ಹೆಂಡತಿ, ನಮ್ಮ ಅತ್ತಿಗೆ, ಚೀಲ ಝಾಡಿಸುತ್ತಾ ಬೈಯುತ್ತಿದ್ದರು. ಬೈಗುಳದ ಒಳಗೆ ಇದ್ದದ್ದು ಭಯ. ಮೇ ಬಂತೆಂದರೆ ಟೀವಿಯಲ್ಲಿ ಚಂಡಮಾರುತದ ಸುದ್ದಿ. ಆ ವರ್ಷ ನನ್ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿ ಹೇಳಿದರು: "ನೀನೂ ಜೊತೆಗೆ ಹೋಗಪ್ಪ. ನೆಟ್ಟಗೆ ವಾಪಸ್ ಕರ್ಕೊಂಡ್ ಬಾ."

ಹೋದೆ. ಅರಬ್ಬೀ ಸಮುದ್ರದಲ್ಲಿ ಎಲ್ಲೋ ಒಂದು ಚಂಡಮಾರುತ ಇತ್ತು ನಿಜ. ಆದರೆ ಅದು ನಮ್ಮ ಕರಾವಳಿಯಿಂದ ಬಹಳ ದೂರದಲ್ಲಿತ್ತು, ಇನ್ನೂ ದೂರಕ್ಕೆ ಹೋಗುತ್ತಿತ್ತು. ನಾವು ಬಂಡೆಯ ಮೇಲೆ ನಿಂತ ಬೆಳಿಗ್ಗೆ ಆಕಾಶದಲ್ಲಿ ಒಂದು ತುಂಡು ಮೋಡವಿರಲಿಲ್ಲ. ತೆಂಗಿನ ಗರಿ ಅಲ್ಲಾಡುತ್ತಿರಲಿಲ್ಲ. ಸೆಖೆಗೆ ಅಂಗಿ ಬೆನ್ನಿಗೆ ಅಂಟಿತ್ತು. ಎತ್ತರದ ಅಲೆಗಳು ಬರಬಹುದೆಂದು ಫೋನಿಗೆ ಬಂದ ಎಚ್ಚರಿಕೆಯನ್ನು ನಾನು ಓದಿ ಹೇಳಿದೆ. ಅಣ್ಣ ಕಡಲಿನ ಕಡೆ ಕೈ ಮಾಡಿ ತೋರಿಸಿದರು.

"ಎಲ್ಲಪ್ಪಾ ಅಲೆ? ನಮ್ ಕೆರೇನೇ ಇದಕ್ಕಿಂತ ಜಾಸ್ತಿ ಅಲ್ಲಾಡುತ್ತೆ. ಗಾಳಿ ನಿಂತಿದೆ, ಈಗ್ಲೇ ಕಣೋ ಮೀನು ಬಾಯಿ ಹಾಕೋದು."

ನಾನೂ ನಕ್ಕೆ. ಕೆರೆಯ ದಡದಲ್ಲಿ ಬೆಳೆದವರು ನಾವು. ನಮ್ಮ ಕಣ್ಣು ಹೋಗುವುದು ಆಕಾಶಕ್ಕೆ. ಗಾಳಿಯಿಲ್ಲದೆ ನೀರು ಏಳುತ್ತದೆ, ಎಲ್ಲೋ ಎದ್ದ ಬಿರುಗಾಳಿ ತಾನು ಬಾರದೆ ಬರೀ ಅಲೆಯನ್ನು ಕಳಿಸುತ್ತದೆ ಎಂದು ನಮಗೆ ಹೇಗೆ ಗೊತ್ತಾಗಬೇಕು?

ಸ್ವಲ್ಪ ಹೊತ್ತಿಗೆ ಗುಂಡು ಹೋಗಿ ಬಂಡೆಯ ಸಂದಿಗೆ ಸಿಕ್ಕಿಹಾಕಿಕೊಂಡಿತು. ಕಡಲಿನವರಾದರೆ ದಾರ ಕತ್ತರಿಸಿ ಕೈ ತೊಳೆದುಕೊಳ್ಳುತ್ತಾರೆ. ಕೆರೆಯವರು ಕತ್ತರಿಸುವುದಿಲ್ಲ. ಮೊಣಕಾಲುದ್ದ ನೀರಿಗೆ ಇಳಿದು, ಕೈಯಿಂದ ತಡಕಿ ಬಿಡಿಸಿಕೊಂಡು ಬರುತ್ತಾರೆ. ಅದೂ ತಾವೇ ಎರಕ ಹೊಯ್ದ ಗುಂಡು. ಅಷ್ಟರಲ್ಲಿ ನೀರು ತಾನಾಗಿಯೇ ಹಿಂದೆ ಸರಿಯಿತು. ಅಲ್ಲಿಯವರೆಗೆ ಮುಳುಗಿದ್ದ ಬಂಡೆಗಳೆಲ್ಲ ಪಾಚಿ ಹೊತ್ತು ಮೇಲೆದ್ದವು. ನಮಗಾಗಿಯೇ ದಾರಿ ಬಿಟ್ಟಂತೆ ಕಾಣಿಸಿತು. ಅಣ್ಣ ರಾಡನ್ನು ನನ್ನ ಕೈಗೆ ಕೊಟ್ಟು, ದಾರವನ್ನು ಮುಷ್ಟಿಗೆ ಸುತ್ತಿಕೊಂಡು ಕೆಳಗೆ ಇಳಿದರು.

ಅಲೆ ಭೋರ್ಗರೆಯಲಿಲ್ಲ. ನೊರೆಯೂ ಇರಲಿಲ್ಲ. ಕಡಲೇ ಉಸಿರೆಳೆದುಕೊಂಡು ಎದೆಯುಬ್ಬಿಸಿದ ಹಾಗೆ, ಹಸಿರು ನೀರು ಸುಮ್ಮನೆ ಎತ್ತರವಾಯಿತು. ನಾನು "ಅಣ್ಣಾ" ಎಂದೆನೋ ಇಲ್ಲವೋ… ಕೈಯಲ್ಲಿದ್ದ ರೀಲು ಕಿರ್ರನೆ ಕಿರುಚಿ ದಾರ ಬಿಡತೊಡಗಿತು. ದೊಡ್ಡ ಮೀನು ಸಿಕ್ಕಾಗ ಕೇಳಬೇಕೆಂದು ಅವರು ವರ್ಷವಿಡೀ ಕಾಯುತ್ತಿದ್ದ ಸದ್ದು. ಆ ತುದಿಯಲ್ಲಿ ಅವರಿದ್ದರು. ನಾನು ಎಳೆದೆ. ಆಮೇಲೆ ದಾರ ಸಡಿಲವಾಯಿತು.

ನೀರು ಇಳಿದಾಗ ಬಂಡೆ ತೊಳೆದಿಟ್ಟಂತೆ ಹೊಳೆಯುತ್ತಿತ್ತು. ಬಿಸಿಲು ಮೊದಲಿನ ಹಾಗೆಯೇ ಇತ್ತು. ಇನ್ನೊಂದು ಅಲೆ ಬರುವವರೆಗೂ ಕಡಲು ಏನೂ ತಿಳಿಯದ ಹಾಗೆ ಬಿದ್ದುಕೊಂಡಿತ್ತು. ಒಬ್ಬ ಮನುಷ್ಯ, ಈಗಷ್ಟೇ ಮಾತಾಡುತ್ತಿದ್ದವರು, ಇರಲಿಲ್ಲ. ಅಷ್ಟೇ. ಇಂದಿಗೂ ನನ್ನ ಬುದ್ಧಿ ಅಲ್ಲೇ ಬಂದು ನಿಲ್ಲುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಮರುದಿನ ಮೀನುಗಾರರ ದೋಣಿಗೆ ಅವರು ಸಿಕ್ಕಿದರು. ಅತ್ತಿಗೆಗೆ ಫೋನಿನಲ್ಲಿ ನಾನು ಏನು ಹೇಳಿದೆ ಎಂಬುದು ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ…

ಈಗ ನಾವು ರಾಜರಾಜೇಶ್ವರಿನಗರದಲ್ಲಿ ಇದ್ದೇವೆ. ಮೊನ್ನೆ ಮಾತ್ರ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಆಟೊ ಹಿಡಿದು ಹೇರೋಹಳ್ಳಿಗೆ ಹೋದೆ. ಅತ್ತಿಗೆಯ ಕೂದಲು ಪೂರ್ತಿ ನೆರೆತಿದೆ. ಕಾಫಿ ಕೊಟ್ಟರು, ಅಮ್ಮನ ಮಂಡಿನೋವು ವಿಚಾರಿಸಿದರು, ನೀರಿನ ಟ್ಯಾಂಕರ್‌ನವರನ್ನು ಬೈದರು. ಲೋಟ ಖಾಲಿಯಾದ ಮೇಲೆ, ಇಷ್ಟು ವರ್ಷ ಕೇಳದೇ ಇದ್ದದ್ದನ್ನು ಕೇಳಿದರು.

"ಕೊನೇಲಿ ಏನಾದ್ರೂ ಅಂದ್ರಾ?"

"'ಹಿಡ್ಕೊಂಡಿರು ಡಿಗ್ರಿ, ಬಂದೆ' ಅಂದ್ರು ಅತ್ತಿಗೆ."

"ಹೆದರಿದ್ರಾ?"

"ಇಲ್ಲ. ನಗ್ತಾ ಇದ್ರು."

ಅತ್ತಿಗೆ ತಲೆಯಾಡಿಸಿದರು. ಎರಡೂ ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋದರು. ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಎರಡು ಲೋಟ ತೊಳೆಯಲು ಬೇಕಾದದ್ದಕ್ಕಿಂತ ಬಹಳ ಹೊತ್ತು ಆ ನಲ್ಲಿ ಹರಿಯುತ್ತಲೇ ಇತ್ತು. ನಾನು ಎದ್ದು ಒಳಗೆ ಹೋಗಲಿಲ್ಲ.