ಸುಮ್ಮನೆ ಕೂತ ಕ್ಯಾಪ್ಟನ್

ಕ್ಯಾರಿಯಕೂ ದ್ವೀಪದ ವಿಂಡ್‌ವರ್ಡ್ ಊರಿನಲ್ಲಿ ಕ್ಯಾಪ್ಟನ್ ಆಸ್ಬರ್ಟ್ ಮೆಕ್ಲಾರೆನ್‌ನ ಹಾಯಿದೋಣಿ ಕಣ್ಣಿಗೆ ಬೀಳುವ ಮೊದಲೇ ಅವನ ದನಿ ಕಿವಿಗೆ ಬೀಳುತ್ತಿತ್ತು. ಗ್ರೆನೆಡಾದಿಂದ ಸಿಮೆಂಟು, ಈರುಳ್ಳಿ, ಒಮ್ಮೊಮ್ಮೆ ಒಂದೆರಡು ಆಡು ಹೇರಿಕೊಂಡು ಬರುವಾಗ ಅವನು ಹಗ್ಗವನ್ನು ಬೈಯುತ್ತಿದ್ದ, ಹಾಯಿಯನ್ನು ಬೈಯುತ್ತಿದ್ದ, ಹಾಯಿ ಎಳೆಯುವವರನ್ನಂತೂ ಅವರ ಅಜ್ಜಂದಿರ ಸಮೇತ ಬೈಯುತ್ತಿದ್ದ. ದೋಣಿಯನ್ನು ದಂಡೆಯ ಮೇಲೆ ತಾನೇ ಕಟ್ಟಿದವನು. ಚುಕ್ಕಾಣಿಯನ್ನು ಬೇರೆಯವರ ಕೈಗೆ ಕೊಟ್ಟವನೇ ಅಲ್ಲ. ಒಮ್ಮೆ ಕೈ ಮುರಿದಾಗಲೂ ಕಾಲಲ್ಲಿ ಒತ್ತಿ ಹಿಡಿದು ಊರು ಮುಟ್ಟಿಸಿದ್ದ.

ಇಂಥವನು ಹೆಂಡತಿಯನ್ನು ಮಾತ್ರ ಒಂದು ದಿನವೂ ಸುಮ್ಮನೆ ತಿರುಗಾಡಿಸಿರಲಿಲ್ಲ.

"ಎಲ್ಲೆಲ್ಲಿಂದಲೋ ವಿಮಾನ ಹತ್ತಿ ಬಂದು ಜನ ನಮ್ಮ ದ್ವೀಪಗಳನ್ನ ನೋಡ್ಕೊಂಡು ಹೋಗ್ತಾರೆ. ನಾನು ನಿನ್ನ ದೋಣಿ ಹತ್ತಿದ್ದು ಹಲ್ಲುನೋವು ಬಂದಾಗ. ಅದೂ ಸಿಮೆಂಟು ಮೂಟೆ ಮೇಲೆ ಕೂತು," ಎಂದು ಯುಲಾಲಿ ಆಗಾಗ ಚುಚ್ಚುತ್ತಿದ್ದಳು.

ಆ ವರ್ಷ ಈಸ್ಟರ್‌ಗೆ ಮಗಳು ಲೋರಿಸ್ ಊರಿಗೆ ಬಂದಾಗ ತಾಯಿ ಮಗಳು ಸೇರಿ ತೀರ್ಮಾನ ಮಾಡಿಬಿಟ್ಟರು. ಸೋಮವಾರ ದೋಣಿಯಲ್ಲಿ ಅಕ್ಕಪಕ್ಕದ ದ್ವೀಪಗಳನ್ನು ಸುತ್ತುವುದು. ಚುಕ್ಕಾಣಿ ಲೋರಿಸ್‌ದು. ಆಸ್ಬರ್ಟ್ ಬಾಯಿ ಮುಚ್ಚಿಕೊಂಡು ಪ್ರಯಾಣಿಕನ ಹಾಗೆ ಕೂರುವುದು.

"ಗಾಳಿ ತಿರುಗಿದರೆ?" ಎಂದ ಆಸ್ಬರ್ಟ್.

"ತಿರುಗಲಿ. ನಾವು ಹೊರಟಿರೋದೂ ತಿರುಗೋದಕ್ಕೇ," ಎಂದಳು ಯುಲಾಲಿ.

ಬೆಳಿಗ್ಗೆ ದೋಣಿಯಲ್ಲಿ ಹಾಯಿ ಕಟ್ಟುವ ಕೂವೆಮರದ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿ ಅವನನ್ನು ಕೂರಿಸಿದಳು. ಕೈಗೆ ಹೂವಿನ ಚಿತ್ರದ ಕೊಡೆ ಕೊಟ್ಟಳು. ಹವಳದ ದಿಬ್ಬ ದಾಟುವಾಗ ಹಾಯಿ ಪಟಪಟ ಹೊಡೆದುಕೊಂಡಿತು. ಆಸ್ಬರ್ಟ್ ಬಾಯಿ ತೆರೆದ. ಯುಲಾಲಿ ಆ ಬಾಯಿಗೆ ಕರಿದ ರೊಟ್ಟಿ, ಉಪ್ಪುಮೀನು ತುರುಕಿದಳು. ಲೋರಿಸ್ ಗಾಬರಿಯಾಗದೆ ಹಾಯಿ ಬಿಗಿದಳು. ಹೀಗೆ ಪೆಟೀ ಮಾರ್ಟಿನೀಕ್ ಮುಟ್ಟುವಷ್ಟರಲ್ಲಿ ಅವನು ಹೇಳಬೇಕೆಂದಿದ್ದ ಬುದ್ಧಿಮಾತುಗಳೆಲ್ಲ ರೊಟ್ಟಿಯ ಜೊತೆ ಹೊಟ್ಟೆಗಿಳಿದಿದ್ದವು.

ಜೆಟ್ಟಿಯಲ್ಲಿ ಅವನ ಸೋದರತ್ತೆಯ ಮಗಳು ಎನಿಡ್ ಮೀನು ಕೊಳ್ಳುತ್ತಿದ್ದಳು. ಕೊಡೆ ಹಿಡಿದು ಕೂತವನನ್ನು ನೋಡಿ ಅವಳ ಕೈಯ ಮೀನು ಬುಟ್ಟಿಗೆ ವಾಪಸ್ ಬಿತ್ತು.

"ಯುಲಾಲಿ, ಇವನಿಗೇನಾಯ್ತೇ?"

"ಏನಾಗುತ್ತೆ? ಇವತ್ತು ಕೂತಿದಾನೆ ಅಷ್ಟೇ."

"ಕೂತಿದಾನೆ," ಎಂದು ಎನಿಡ್ ಮೆಲ್ಲಗೆ ಅಂದುಕೊಂಡಳು. "ಆಸ್ಬರ್ಟ್, ಮಾತೂ ಆಡಕ್ಕಾಗಲ್ವೇನೋ?"

ಬಾಯಿ ತುಂಬ ರೊಟ್ಟಿ ಇಟ್ಟುಕೊಂಡಿದ್ದ ಆಸ್ಬರ್ಟ್ ತಲೆಯಲ್ಲಾಡಿಸಿದ. ಎನಿಡ್ ಕಣ್ಣೊರೆಸಿಕೊಂಡು ಓಡಿಹೋಗಿ ಮನೆಯಿಂದ ಶಂಖದ ಮಾಂಸದ ಸಾರು ತಂದು ಯುಲಾಲಿಯ ಕೈಗಿತ್ತಳು. ದೋಣಿ ಹೊರಟಾಗ ಲೋರಿಸ್ ಹಿಂತಿರುಗಿ ನೋಡಿದರೆ ಎನಿಡ್‌ಳ ಕಿವಿಗೆ ಫೋನು ಅಂಟಿಕೊಂಡಿತ್ತು.

ಗಾಳಿ ಚೆನ್ನಾಗಿಯೇ ಇತ್ತು. ಆದರೆ ಸುದ್ದಿ ಅದಕ್ಕಿಂತ ಬೇಗ ಯೂನಿಯನ್ ದ್ವೀಪ ಸೇರಿತ್ತು. ಅಲ್ಲಿ ಜೆಟ್ಟಿಯ ಮೇಲೆ ಜನ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ಪಾದ್ರಿ ದೋಣಿಗೇ ಇಳಿದು ಬಂದು ಆಸ್ಬರ್ಟ್‌ನ ಕೈ ಹಿಡಿದುಕೊಂಡರು.

"ಕ್ಯಾಪ್ಟನ್, ಸಮುದ್ರದ ಮೇಲೆ ನೀನು ಆಡಿದ ಮಾತನ್ನೆಲ್ಲ ದೇವರು ಕ್ಷಮಿಸ್ತಾನೆ."

"ಎಲ್ಲಾನೂ?"

ಪಾದ್ರಿ ಸ್ವಲ್ಪ ಯೋಚಿಸಿದರು. "ಮುಕ್ಕಾಲುಪಾಲು."

"ಅಯ್ಯೋ, ಇವನು ಗುಂಡುಕಲ್ಲಿನ ಹಾಗಿದಾನೆ," ಎಂದು ಯುಲಾಲಿ ಎಷ್ಟು ಹೇಳಿದರೂ ಹೆಂಗಸರು ಅವಳ ಬೆನ್ನು ಸವರಿ, "ಧೈರ್ಯ ತಂದ್ಕೋ ತಾಯಿ," ಅನ್ನುತ್ತಿದ್ದರು. ಹೊರಡುವಾಗ ದೋಣಿಯಲ್ಲಿ ಸುಟ್ಟ ದೀವಿಹಲಸು, ತೆಂಗಿನಕಾಯಿ ಕೇಕು, ಕಾಲು ಕಟ್ಟಿದ ಒಂದು ಕೋಳಿ ಸೇರಿಕೊಂಡಿದ್ದವು. ಆಸ್ಬರ್ಟ್‌ನ ಮುಖ ಮಾತ್ರ ಬಿಗಿದುಕೊಂಡಿತ್ತು.

ಮೇರೋ ದ್ವೀಪದಲ್ಲಿ ಲಂಗರು ಹಾಕಿದ್ದೇ ತಡ, ದಂಡೆಯಿಂದ ಒಂದು ಪುಟ್ಟ ದೋಣಿ ಹುಟ್ಟು ಹಾಕಿಕೊಂಡು ಬಂತು. ಅದರಲ್ಲಿದ್ದವನು ಥೇಡಿಯಸ್. ಹಿಂದೊಮ್ಮೆ ದೋಣಿ ಪಂದ್ಯದಲ್ಲಿ ಆಸ್ಬರ್ಟ್‌ನ ದೋಣಿಗೆ ತನ್ನ ದೋಣಿಯ ಮೂತಿ ಗುದ್ದಿಸಿ, ಗಾಳಿ ತಳ್ಳಿತು ಎಂದು ಸಾಧಿಸಿ ಬಹುಮಾನ ಹೊಡೆದವನು. ಅಲ್ಲಿಂದೀಚೆಗೆ ಇಬ್ಬರಿಗೂ ಮಾತಿರಲಿಲ್ಲ.

ಥೇಡಿಯಸ್ ದೋಣಿಯ ಅಂಚು ಹಿಡಿದು ತಲೆ ತಗ್ಗಿಸಿದ. "ಆಸ್ಬರ್ಟ್, ಆವತ್ತು ಗಾಳಿ ತಳ್ಳಲಿಲ್ಲ ಕಣಯ್ಯ. ಬೇಕೂಂತಲೇ ಗುದ್ದಿದ್ದೆ. ಗೆಲ್ಲಬೇಕಾಗಿದ್ದವನು ನೀನು."

ನನಗೇನೂ ಆಗಿಲ್ಲ ಎಂದು ಹೇಳಲು ಅದೇ ಸರಿಯಾದ ಹೊತ್ತಾಗಿತ್ತು. ಯುಲಾಲಿ ಕಣ್ಣಲ್ಲೇ ಸನ್ನೆ ಮಾಡಿದಳು. ಆಸ್ಬರ್ಟ್ ಕೊಡೆಯನ್ನು ಪಕ್ಕಕ್ಕಿಟ್ಟು, ಕುರ್ಚಿಗೆ ಒರಗಿ, ನಿಧಾನವಾಗಿ ಕಣ್ಣು ಮುಚ್ಚಿದ.

"ಇನ್ನೊಂದ್ಸಲ ಹೇಳು. ಕಿವಿ ಸರಿಯಾಗಿ ಕೇಳ್ತಿಲ್ಲ."

ಥೇಡಿಯಸ್ ಮತ್ತೆ ಹೇಳಿದ.

"ಇನ್ನೂ ಜೋರಾಗಿ. ದಂಡೇಲಿರೋರಿಗೂ ಮನಸ್ಸು ಹಗುರಾಗಲಿ."

ಥೇಡಿಯಸ್ ಅದನ್ನೂ ಮಾಡಿದ. ಆಮೇಲೆ ಮೂಗೆಳೆಯುತ್ತಾ ತಾನು ತಂದಿದ್ದ ರಮ್ ಬಗ್ಗಿಸಿ ಕೊಟ್ಟ. ಆಸ್ಬರ್ಟ್ ಅದನ್ನು ಒಂದೇ ಗುಟುಕಿಗೆ ಇಳಿಸಿ, ಬಾಯಿ ಚಪ್ಪರಿಸಿ, ಲೋಟ ಮುಂದೆ ಚಾಚಿದ.

ಥೇಡಿಯಸ್ ಅವನನ್ನೇ ದಿಟ್ಟಿಸಿದ. "ನಿನಗೆ ಏನಪ್ಪಾ ಕಾಯಿಲೆ?"

"ಮಗಳು ದೋಣಿ ನಡೆಸ್ತಿದಾಳೆ," ಎಂದ ಆಸ್ಬರ್ಟ್.

ಥೇಡಿಯಸ್ ಆಡಿದ ಮಾತು ಬರೆಯುವಂಥದ್ದಲ್ಲ. ಹುಟ್ಟು ಹಾಕುತ್ತಾ ಹಿಂದಿರುಗುವಾಗಲೂ ಅವನ ಬಾಯಿ ನಿಂತಿರಲಿಲ್ಲ. ಲೋರಿಸ್ ನಕ್ಕೂ ನಕ್ಕೂ ಲಂಗರಿನ ಹಗ್ಗ ಹಿಡಿದು ಕುಸಿದಳು.

ವಾಪಸ್ ಬರುವಾಗ ಆಸ್ಬರ್ಟ್ ಹೆಂಡತಿಯ ಕಡೆ ತಿರುಗಿದ.

"ನಾನು ಒಂದು ದಿನ ಸುಮ್ಮನೆ ಕೂತರೆ ಜನ ಸಾಯೋಕೆ ಬಿದ್ದಿದಾನೆ ಅಂದ್ಕೊಂಡ್ರಲ್ಲೇ."

"ಮನೇಲೂ ಹಾಗೇ. ರಾತ್ರಿ ನಿನ್ನ ಗೊರಕೆ ನಿಂತರೆ ಮೂಗಿನ ಹತ್ತಿರ ಕೈಯಿಟ್ಟು ನೋಡ್ತೀನಿ ನಾನು," ಎಂದಳು ಯುಲಾಲಿ.

"ದಿನಾನಾ?"

"ಮತ್ತೆ?"

ಅವನು ಕುರ್ಚಿ ಬಿಟ್ಟೆದ್ದು ಹಲಗೆಯ ಮೇಲೆ ಅವಳ ಪಕ್ಕ ಕೂತ. ಕೇಕಿನ ಚೂರು ಮುರಿದು ಅವಳ ಕೈಗಿಟ್ಟ. ಅವಳು ನೀರಿನತ್ತ ಕಾಲು ಇಳಿಬಿಟ್ಟು ತಿನ್ನುತ್ತಾ, ದೂರದ ಗುಡ್ಡಗಳನ್ನು ತೋರಿಸಿ ಯಾವುದು ಯಾವ ದ್ವೀಪ ಎಂದು ಕೇಳಿದಳು. ಅವನು ಒಂದೊಂದನ್ನೇ ಹೇಳುತ್ತಾ ಹೋದ. ಊರ ಮುಂದಿನ ಹವಳದ ದಿಬ್ಬದ ಸಂದಿನಲ್ಲಿ ಲೋರಿಸ್ ದೋಣಿಯನ್ನು ಯಾವಾಗ ತೂರಿಸಿದಳೋ ಇಬ್ಬರಿಗೂ ಗೊತ್ತಾಗಲಿಲ್ಲ.

ದಂಡೆಯಲ್ಲಿ ಸುದ್ದಿ ಕೇಳಿದ ಅರ್ಧ ಊರು ಸಾರಿನ ಪಾತ್ರೆ ಹಿಡಿದು ಕಾಯುತ್ತಿತ್ತು. ಆಸ್ಬರ್ಟ್ ನೀರಿಗಿಳಿದು ನಡೆದು ಬಂದದ್ದನ್ನು ನೋಡಿ ಕೆಲವರಿಗೆ ಸಂತೋಷವಾಯಿತು, ಬಹಳ ಹೊತ್ತಿನಿಂದ ನಿಂತಿದ್ದವರಿಗೆ ಸ್ವಲ್ಪ ಬೇಜಾರೂ ಆಯಿತು. ಸಾರು ಆರುತ್ತದೆ ಎಂದು ಯಾರೋ ಜ್ಞಾಪಿಸಿದರು. ಎಲ್ಲರೂ ಮರಳಿನ ಮೇಲೆಯೇ ಊಟಕ್ಕೆ ಕೂತರು.