ಗುರಿಯ ಹಿಂದೆ ಏನಿದೆ?

ಕೋವಿ ಮಾರುವ ಅಂಗಡಿಗಳು ಊರಿಗೊಂದರಂತೆ ಇದ್ದಾವು. ಕೋವಿಗಳ ಗುಣದೋಷಗಳನ್ನು ಬಾಯಿಪಾಠದಂತೆ ಒಪ್ಪಿಸುವವರೂ ಅಲ್ಲಿ ಸಿಕ್ಕಾರು. ಆದರೆ ಯಾವ ಕೆಲಸಕ್ಕೆ ಯಾವ ಕಾಡತೂಸು ಹೊಂದುತ್ತದೆ ಎಂಬುದನ್ನೇ ಒಂದು ವಿದ್ಯೆಯೆಂದು ಬಗೆದು, ಆ ವಿದ್ಯೆಗೆ ಆಯುಷ್ಯದ ಬಹುಭಾಗವನ್ನು ಧಾರೆಯೆರೆದವರು ನಾವು ಬಲ್ಲಂತೆ ಒಬ್ಬರೇ. ನಿವೃತ್ತರಾಗುತ್ತಿರುವ, ಈ ಅಭಿನಂದನ ಸಂಪುಟವನ್ನು ಪಡೆಯುತ್ತಿರುವ ಆ ಹಿರಿಯರನ್ನು ಗುರಿಕಾರರ ಸಂಘದಲ್ಲಿ ಎಲ್ಲರೂ ಪ್ರೀತಿಯಿಂದ ‘ಹಿಂದೇನಪ್ಪನವರು’ ಎಂದು ಕರೆಯುತ್ತಾರೆ. ಆ ಹೆಸರು ಬಂದ ಬಗೆಯನ್ನು ಹೇಳಿದರೆ ಅವರ ಸೇವೆಯನ್ನು ಅರ್ಧ ಹೇಳಿದಂತೆಯೇ ಸರಿ.

ಅವರು ಕೆಲಸ ಮಾಡುವ ಅಂಗಡಿಯ ಮುಂಭಾಗದಲ್ಲಿ ಕೋವಿಗಳು ಸಾಲಾಗಿ ನಿಂತಿರುತ್ತವೆ. ಒಳಗೆ, ಬಾಗಿ ಹೋಗಬೇಕಾದ ಬಾಗಿಲಿನ ಆಚೆ, ಕಾಡತೂಸಿನ ಕೋಣೆ. ಅಲ್ಲಿ ಒಂದು ಕಬ್ಬಿಣದ ಬೀರು, ಗಾಜಿನ ಮೇಲುಹಾಸಿನ ಮೇಜು, ಕೈಗಳ ಉಜ್ಜಾಟಕ್ಕೆ ನುಣುಪಾದ ಎರಡು ಮರದ ಕುರ್ಚಿ. ಬಂದವರು ಇಂಥ ಪೆಟ್ಟಿಗೆ ಕೊಡಿ ಎಂದರೆ ಹಿಂದೇನಪ್ಪನವರು ಬೀರುವಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಕುರ್ಚಿ ತೋರಿಸಿ, ಕೂರಿಸಿ, ಕಣ್ಣು ಮುಚ್ಚಿಕೊಳ್ಳಲು ಹೇಳುತ್ತಿದ್ದರು.

“ಈಗ ಹೇಳಿ, ಎಲ್ಲಿ ನಿಂತಿದೀರಿ? ಗಾಳಿ ಯಾವ ಕಡೆಯಿಂದ ಬರ್ತಿದೆ? ಗುರಿ ಎಷ್ಟು ದೂರ? ಅದರ ಹಿಂದೇನಿದೆ?”

ಕೊನೆಯ ಪ್ರಶ್ನೆಗೆ ಉತ್ತರ ಬಾರದೆ ಕಾಡತೂಸು ಮೇಜಿನ ಮೇಲೆ ಬರುತ್ತಿರಲಿಲ್ಲ. ಅಜ್ಜಿಯ ಕಥೆಗಳಲ್ಲಿ ಒಗಟು ಬಿಡಿಸಿದವರಿಗೆ ಮಾತ್ರ ಕೋಟೆಯ ಬಾಗಿಲು ತೆರೆಯುವುದಿಲ್ಲವೆ, ಹಾಗೆ. ಕಥೆ ಹೇಳಿದವರಿಗೆ ಕಾಡತೂಸು. ಹೇಳಲಾರದವರಿಗೆ ಒಂದು ಲೋಟ ಬಿಸಿ ಚಹಾ ಮತ್ತು ‘ನೋಡ್ಕೊಂಡು ಬನ್ನಿ’ ಎಂಬ ಸಮಾಧಾನ.

ಅಗಲ ಹೆಗಲಿನ, ಗತ್ತಿನ ಗುತ್ತಿಗೆದಾರರೊಬ್ಬರು ಹೊಸ ಕೋವಿ ಕೊಳ್ಳಲು ಬಂದು, ಇರುವುದರಲ್ಲೆಲ್ಲ ದೊಡ್ಡ ಕಾಡತೂಸು ಹಾರಿಸುವಂಥದ್ದೇ ಬೇಕೆಂದು ಹಠ ಹಿಡಿದಿದ್ದರಂತೆ. ಅವರು ಗುಂಡು ಸುಡಬೇಕಾಗಿದ್ದದ್ದು ಸಂಘದ ಮೈದಾನದ ಕಾಗದದ ಗುರಿಗೆ. “ಕಾಗದ ಎಷ್ಟು ಸಣ್ಣ ಗುಂಡಿಗೂ ತೂತಾಗತ್ತೆ ಸ್ವಾಮಿ. ಒದೆತ ತಿನ್ನೋದು ನಿಮ್ಮ ಹೆಗಲು. ನಾಲ್ಕು ಸಲ ಒದೆಸ್ಕೊಂಡ್ರೆ ಐದನೇ ಸಲ ಕೋವಿ ಕುದುರೆ ಒತ್ತೋ ಮೊದಲೇ ಕಣ್ಣು ಮುಚ್ಚಿಕೊಳ್ಳತ್ತೆ” ಎಂದು ಹಿಂದೇನಪ್ಪನವರು ಸಣ್ಣ ನಳಿಗೆಯ ಕೋವಿಯೊಂದನ್ನೂ ಅದಕ್ಕೆ ತಕ್ಕ ಹಗುರ ಕಾಡತೂಸನ್ನೂ ಮುಂದಿಟ್ಟರು. ಗುತ್ತಿಗೆದಾರರು ಮುಖ ಊದಿಸಿಕೊಂಡು ಕೊಂಡೊಯ್ದರು. ಆ ವರ್ಷದ ಸ್ಪರ್ಧೆಯಲ್ಲಿ ಬಹುಮಾನ ಪಡೆದವರು ಅವರೇ. ಬಹುಮಾನದ ಬಟ್ಟಲಲ್ಲಿ ಮೊದಲು ಚಹಾ ಕುಡಿದವರು ಹಿಂದೇನಪ್ಪನವರು. ಕೋವಿಯ ಸದ್ದಿಗೇ ಬೆಚ್ಚುತ್ತಿದ್ದ ಹೆಣ್ಣುಮಕ್ಕಳನ್ನು, ಕೈ ನಡುಗುವ ಮುದುಕರನ್ನು ಅವರು ಹೀಗೆಯೇ ಸಣ್ಣದರಿಂದ ಮೊದಲುಮಾಡಿ, ಹೆದರಿಕೆಯನ್ನು ನಗಿಸಿ ಕಳಿಸಿದ್ದನ್ನು ಈ ಸಂಪುಟದ ಅನೇಕ ಲೇಖಕರು ಸ್ವಂತ ಅನುಭವದಿಂದ ಬಲ್ಲರು.

ಹೀಗೆ ಆ ಕುರ್ಚಿಯಲ್ಲಿ ಕೂತವರ ಬಾಯಿಂದ ಹಿಂದೇನಪ್ಪನವರು ಎಷ್ಟೋ ಬಯಲು, ಬೆಟ್ಟ, ಜೌಗು, ಹುಲ್ಲುಗಾವಲುಗಳನ್ನು ಕೇಳಿದರು. ತಾವು ಮಾತ್ರ ಅಂಗಡಿಯಿಂದ ಮನೆಗೆ, ಮನೆಯಿಂದ ಅಂಗಡಿಗೆ. ಮನೆಯೆಂದರೆ ಅಕ್ಕನ ಮನೆಯ ಮಹಡಿಯ ಕೋಣೆ. ಅದರ ಕಿಟಕಿಗೆ ಕಾಣುವುದು ಎದುರುಮನೆಯ ನೀರಿನ ತೊಟ್ಟಿ. ಕೇಳಿದ ಜಾಗಗಳಲ್ಲೆಲ್ಲ ಒಂದೇ ಒಂದು ಅವರ ಮನಸ್ಸಿನಲ್ಲಿ ಮನೆಮಾಡಿಕೊಂಡಿತು.

ಅದು ಕುರಿಮನೆಯವರ ಇಳಿಜಾರು. ಕುರಿಮನೆಯವರೆಂದರೆ ದೂರದ ಬೆಟ್ಟದ ಮೇಲೆ ಅಣ್ಣನೊಡನೆ ಕುರಿ ಸಾಕುತ್ತಿದ್ದ ಹೆಂಗಸು. ಚಳಿಗಾಲಕ್ಕೆ ಮೊದಲು, ಮರಿಗಳ ಮೇಲೆ ಬೀಳುವ ನರಿಗಳಿಗಾಗಿ ಕಾಡತೂಸು ಒಯ್ಯಲು ವರ್ಷಕ್ಕೊಮ್ಮೆ ಬರುತ್ತಿದ್ದರು. ಮೊದಲ ಸಲ ಕಣ್ಣು ಮುಚ್ಚಿ ಕೂತಾಗ ಅವರು ಹೇಳಿದ್ದು ಹಿಂದೇನಪ್ಪನವರಿಗೆ ಇಂದಿಗೂ ಅಕ್ಷರಶಃ ನೆನಪಿದೆ: ತಾವು ನಿಲ್ಲುವುದು ಹಟ್ಟಿಯ ಬಾಗಿಲಲ್ಲಿ, ನಡುವೆ ತೆಳ್ಳಗೆ ಹರಿಯುವ ತೊರೆ, ನರಿ ಬರುವುದು ತೊರೆಯ ಆಚೆಯ ಇಳಿಜಾರಿನಲ್ಲಿ, ಮಧ್ಯಾಹ್ನದ ಮೇಲೆ ಗಾಳಿ ಅಡ್ಡ ಬೀಸುತ್ತದೆ, ಹುಲ್ಲೆಲ್ಲ ಒಂದೇ ಕಡೆಗೆ ತಲೆ ಬಾಚಿಕೊಂಡಂತೆ ಮಲಗುತ್ತದೆ, ನರಿಯ ಹಿಂದೆ ಎತ್ತರದ ಮಣ್ಣಿನ ದಿಬ್ಬ.

“ದಿಬ್ಬದ ಹಿಂದೆ?” ಎಂದು ಇವರು ಕೇಳಿದರು.

“ಅದನ್ನ ನಾನೂ ನೋಡಿಲ್ಲ. ಸೂರ್ಯ ಅಲ್ಲಿ ಮುಳುಗ್ತಾನೆ, ಅಷ್ಟು ಗೊತ್ತು” ಎಂದು ಅವರು ಕಣ್ಣು ಮುಚ್ಚಿಕೊಂಡೇ ನಕ್ಕರು.

ಹಗುರ ಗುಂಡು ಅಷ್ಟು ದೂರಕ್ಕೆ ಗಾಳಿಯಲ್ಲಿ ಪಕ್ಕಕ್ಕೆ ಸರಿಯುತ್ತದೆ. ಭಾರದ ಗುಂಡು ಗಾಳಿಗೆ ಜಗ್ಗದು, ಆದರೆ ನರಿಯನ್ನು ದಾಟಿಯೂ ಮುಂದೆ ಹೋಗುತ್ತದೆ. ಹಿಂದೆ ಅದನ್ನು ನುಂಗಿಕೊಳ್ಳುವ ದಿಬ್ಬವಿದೆಯಲ್ಲ ಎಂದು ಲೆಕ್ಕಹಾಕಿ, ಆ ಕೋವಿಗೆ ಹೊಂದುವ ಭಾರದ ಗುಂಡಿನ ಪೆಟ್ಟಿಗೆಯನ್ನೇ ಹಿಂದೇನಪ್ಪನವರು ಆರಿಸಿಕೊಟ್ಟರು. ಮರುವರ್ಷ ಅವರು ಬಂದಾಗ ಅಂಥದೇ ಇನ್ನೊಂದು ಪೆಟ್ಟಿಗೆ ಕೊಟ್ಟಿದ್ದರೆ ಸಾಕಾಗಿತ್ತು. ಕಥೆಯನ್ನು ಮತ್ತೆ ಕೇಳುವ ಅಗತ್ಯವೇನೂ ಇರಲಿಲ್ಲ. ಆದರೂ ಇವರು ಕೇಳಿದರು, ಅವರೂ ಹೇಳಿದರು. ಪ್ರತಿ ವರ್ಷವೂ ಹೇಳಿದರು.

“ಆ ಬೆಟ್ಟದ ಹುಲ್ಲು ಯಾವ ಕಡೆ ಬಾಗತ್ತೆ ಅಂತ ಗೊತ್ತು, ಮನೆ ಮೆಟ್ಟಿಲು ಮುರಿದಿರೋದು ಗೊತ್ತಿಲ್ಲ ಇವನಿಗೆ. ಹೋಗಿ ಒಂದು ಮಾತು ಕೇಳೋ ಅಂದ್ರೆ ಬಾಯಿಗೆ ಬೀಗ” ಎಂದು ಅಕ್ಕ ಎಷ್ಟು ಚುಚ್ಚಿದರೂ ತಮ್ಮ ನಕ್ಕು ಅಂಗಡಿಗೆ ಹೊರಡುತ್ತಿದ್ದರು. ಒಂದು ಮಾತು ಅವರ ಗಂಟಲವರೆಗೆ ಬಂದು, ಪ್ರತಿ ಸಲವೂ ‘ಗಾಳಿ ಹೇಗಿದೆ?’ ಎಂದಾಗಿ ಹೊರಬೀಳುತ್ತಿತ್ತು.

ಆಮೇಲೊಂದು ವರ್ಷ ಕುರಿಮನೆಯವರು ಬರಲಿಲ್ಲ. ಅದರ ಮುಂದಿನ ವರ್ಷವೂ ಬರಲಿಲ್ಲ. ಯಾರನ್ನು ಕೇಳುವುದು, ಏನೆಂದು ಕೇಳುವುದು? ಹಿಂದೇನಪ್ಪನವರು ಚಳಿ ಹತ್ತಿರವಾದಾಗ ಆ ಒಂದು ಪೆಟ್ಟಿಗೆಯನ್ನು ಬೀರುವಿನಿಂದ ತೆಗೆದು ಮೇಜಿನ ಕೆಳಗಿನ ಖಾನೆಯಲ್ಲಿ ಇಡುತ್ತಿದ್ದರು; ಚಳಿ ಕಳೆದ ಮೇಲೆ ಮರಳಿ ಬೀರುವಿಗೆ. ಅಂಗಡಿಯ ಯಜಮಾನರು ಕಂಡೂ ಕಾಣದಂತಿದ್ದರು. ಹೀಗೆ ವರ್ಷಗಳು ಉರುಳಿದವು.

ನಿವೃತ್ತಿಯ ಮಾತು ಎದ್ದಿದ್ದ ಈ ವರ್ಷ, ಪೆಟ್ಟಿಗೆ ಖಾನೆಗೆ ಇಳಿದ ಕೆಲವೇ ದಿನಕ್ಕೆ, ಬಾಗಿಲಲ್ಲಿ ತಲೆ ಬಗ್ಗಿಸಿ ಒಬ್ಬ ತರುಣಿ ಒಳಗೆ ಬಂದಳು. ಪರವಾನಗಿಯನ್ನು ಮುಂದಿಟ್ಟು, ತಾನು ತಂದಿದ್ದ ಖಾಲಿ ಪೆಟ್ಟಿಗೆಯನ್ನು ಅದರ ಪಕ್ಕಕ್ಕಿಟ್ಟಳು. “ಇದೇ ಬೇಕು. ನಮ್ಮ ಸೋದರತ್ತೆ ಯಾವಾಗಲೂ ಇದನ್ನೇ ಒಯ್ತಿದ್ರಂತೆ. ಮಂಡಿ ನೋವು ಬಂದ ಮೇಲೆ ಬೆಟ್ಟ ಇಳಿಯೋದು ಬಿಟ್ರು. ಅಪ್ಪ ಅಲ್ಲೇ ಹತ್ತಿರ ಎಲ್ಲೋ ತರ್ತಿದ್ರು, ಈಗ ಆ ಅಂಗಡಿ ಮುಚ್ಚಿದೆ.”

ಪೆಟ್ಟಿಗೆ ಮೊಣಕಾಲಿಗೆ ತಾಗುವಷ್ಟು ಹತ್ತಿರದಲ್ಲಿತ್ತು. ಬಗ್ಗಿ ತೆಗೆದು ಮೇಜಿನ ಮೇಲಿಟ್ಟರೆ ಇಷ್ಟು ಕಾಲದ ಕಾಯುವಿಕೆ ಒಂದು ದಡ ಮುಟ್ಟುತ್ತಿತ್ತು. ಹಿಂದೇನಪ್ಪನವರ ಕೈ ಖಾನೆಯೊಳಗೆ ಹೋದದ್ದೂ ಉಂಟು. ಅವರಿಗೆ ಆ ಇಳಿಜಾರು ಅಂಗೈಯಷ್ಟು ಪರಿಚಿತ, ಕೇಳುವುದಕ್ಕೆ ಏನಿತ್ತು? ಆದರೂ ಕೈ ಬರಿದಾಗಿಯೇ ಹೊರಬಂತು.

“ಕೂತ್ಕೊಳಮ್ಮ. ಕಣ್ಣು ಮುಚ್ಚಿ ಹೇಳು, ಹಿಂದೇನಿದೆ?”

ತರುಣಿ ಮುಗುಳ್ನಕ್ಕು ಕೂತು ಹೇಳತೊಡಗಿದಳು. ಹಟ್ಟಿಯ ಬಾಗಿಲು ಬಂತು, ತೊರೆ ಬಂತು, ಒಂದೇ ಕಡೆಗೆ ಮಲಗುವ ಹುಲ್ಲು ಬಂತು. ಹಿಂದೇನಪ್ಪನವರೂ ಕಣ್ಣು ಮುಚ್ಚಿಕೊಂಡರು. “ಆಮೇಲೆ ದಿಬ್ಬ ಇತ್ತು, ಹೋದ ಮಳೆಗಾಲದಲ್ಲಿ ಕೊಚ್ಚಿಕೊಂಡು ಹೋಯ್ತು. ಈಗ ಅಲ್ಲಿ ಆಚೆ ಕಡೆಯೆಲ್ಲ ಕಾಣತ್ತೆ. ಅಪ್ಪ ಅಲ್ಲೊಂದು ಬೆಂಚು ಹಾಕಿಸಿದಾರೆ. ಸಂಜೆ ಆದ್ರೆ ಅತ್ತೆ ಅಲ್ಲೇ ಕೂತಿರ್ತಾರೆ.”

ಹಿಂದೇನಪ್ಪನವರು ಕಣ್ಣು ತೆರೆದು ಗಾಜಿನ ಮೇಲೆ ಅಂಗೈ ಊರಿದರು. ಅವರ ಧ್ವನಿ ಎಂದಿಗಿಂತ ಕಟುವಾಗಿತ್ತು.

“ಆ ಕಡೆಗೆ ಇನ್ನು ಕೋವಿ ಎತ್ತಬೇಡ. ಮನುಷ್ಯರು ಕೂರೋ ಕಡೆಗೆ ಹೊಂದೋ ಕಾಡತೂಸು ಯಾವುದೂ ಇಲ್ಲ.”

“ಅತ್ತೆ ಇಲ್ಲದ ಹೊತ್ತು ನೋಡಿ...”

“ಅವರಿಲ್ಲ ಅಂತ ನಿನಗೆ ಹಟ್ಟಿಯಿಂದ ಹೇಗೆ ಗೊತ್ತಾಗತ್ತೆ? ತೊರೆಯ ಈಚೆ ಎತ್ತರದ ಕಲ್ಲೇನಾದ್ರೂ ಇದೆಯಾ?”

ಇತ್ತು, ಅದರ ಬುಡದಲ್ಲಿ ಜೌಗುನೆಲವೂ, ನರಿ ತೊರೆ ದಾಟುವ ಜಾಡೂ ಇತ್ತು. ಕಲ್ಲಿನ ಮೇಲೆ ಕೂತು ಕೆಳಮುಖವಾಗಿ ಸುಟ್ಟರೆ ಗುಂಡು ಕೆಸರಿಗೆ ಹೋಗುತ್ತದೆ. ದೂರ ಕಡಿಮೆ, ಗಾಳಿಯ ಕಾಟವೂ ಕಡಿಮೆ; ತಾಗಿದಲ್ಲೇ ಒಡೆದುಹೋಗುವ ಹಗುರ ಗುಂಡು ಅಲ್ಲಿಗೆ ಸಾಕು. ಬೀರುವಿನಿಂದ ಬೇರೊಂದು ಪೆಟ್ಟಿಗೆ ಬಂತು. ಗುಂಡಿನ ಭಾರ ಬದಲಾಗಿರುವುದರಿಂದ ಕೋವಿಯ ಗುರಿಯನ್ನು ಮೊದಲು ಹಲಗೆಗೆ ಹೊಡೆದು ನೋಡಿ ಸರಿಹೊಂದಿಸಿಕೊಳ್ಳಬೇಕೆಂಬ ಎಚ್ಚರಿಕೆಯೂ ಅದರ ಹಿಂದೆಯೇ ಬಂತು. ಖಾನೆಯ ಪೆಟ್ಟಿಗೆ ಖಾನೆಯಲ್ಲೇ ಉಳಿಯಿತು.

ಹೊರಟ ತರುಣಿ ಬಾಗಿಲಲ್ಲಿ ನಿಂತು ತಿರುಗಿದಳು. “ಅತ್ತೆ ಒಂದು ಮಾತು ಕೇಳ್ಕೊಂಡು ಬಾ ಅಂದಿದ್ರು. ಕಥೆ ಕೇಳೋ ಯಜಮಾನ್ರು ಇನ್ನೂ ಅಲ್ಲೇ ಇದಾರಾ ಅಂತ.”

“ಇದಾರೆ ಅಂತ ಹೇಳಮ್ಮ” ಎಂದರು ಹಿಂದೇನಪ್ಪನವರು. ಅವಳು ಹೊರಡುವಷ್ಟರಲ್ಲಿ, “ಇನ್ನು ಸ್ವಲ್ಪ ದಿನ ಮಾತ್ರ ಅಂತಾನೂ ಹೇಳು” ಎಂದರು.

ಈ ಸಂಪುಟವನ್ನು ಅರ್ಪಿಸುವ ಸಮಾರಂಭದ ದಿನಾಂಕ ಎರಡು ವಾರ ಮುಂದೆ ಹೋದದ್ದಕ್ಕೆ ಸಂಘದವರು ಕೊಟ್ಟಿರುವ ಕಾರಣ ಸಭಾಂಗಣದ ದುರಸ್ತಿ. ನಿಜವಾದ ಕಾರಣವನ್ನು ಇಲ್ಲಿ ಬರೆದರೆ ಹಿರಿಯರು ಮುನಿಯಲಾರರು ಎಂಬ ಧೈರ್ಯವಿದೆ. ಎಂದೂ ರಜೆ ಕೇಳದವರು ರಜೆ ಕೇಳಿದ್ದಾರೆ. ಆ ಎತ್ತರದ ಕಲ್ಲು ಗುರಿಗೆ ಸರಿಯಾಗಿದೆಯೋ ಇಲ್ಲವೋ ಕಣ್ಣಾರೆ ಕಂಡು ಬರಬೇಕಂತೆ. “ಹೌದಪ್ಪ, ಕಲ್ಲು ನೋಡೋಕೆ ಇಸ್ತ್ರಿ ಮಾಡಿದ ಅಂಗಿ ಬೇಕೇ ಬೇಕು” ಎಂದು ಅಕ್ಕ ಗೊಣಗುತ್ತ ಎರಡು ಅಂಗಿಗಳನ್ನು ಮಡಿಸಿ ಚೀಲಕ್ಕೆ ಹಾಕಿದ್ದಾರೆ. ಖಾನೆಯ ಪೆಟ್ಟಿಗೆಯನ್ನು ನೆನಪಿಗೆಂದು ಒಯ್ಯಿರಿ ಎಂದು ಯಜಮಾನರು ಒತ್ತಾಯಿಸಿದರೆ, ಅದನ್ನು ಬೀರುವಿಗೆ ಮರಳಿಸಿ ಬೀಗ ಹಾಕಿ ಬೀಗದಕೈ ಒಪ್ಪಿಸಿದ್ದಾರೆ.

ಹಿಂದೇನಪ್ಪನವರಿಗೆ ನೂರು ತುಂಬಲಿ. ಮಂಡಿಗಳು ಬೆಟ್ಟ ಹತ್ತುವಷ್ಟು ಗಟ್ಟಿಯಾಗಿರಲಿ. ಆ ಎರಡು ಕುರ್ಚಿಗಳಿಗೆ ಅವರ ಮಾರ್ಗದರ್ಶನ ಇನ್ನೂ ಬಹುಕಾಲ ದೊರೆಯಲಿ. ನಮ್ಮ ಆಸೆ ಇನ್ನೊಂದಿದೆ. ಬೆಂಚಿನ ಮೇಲೆ ಇಬ್ಬರಿಗೆ ಜಾಗವಿರಲಿ. ದಿಬ್ಬ ಹೋದ ಮೇಲೆ ಆಚೆ ಕಾಣುವುದು ಏನೆಂದು ಹಿಂದೇನಪ್ಪನವರು ತಿರುಗಿ ಬಂದಾಗ ನಮಗೆ ಹೇಳಲಿ. ಕುರ್ಚಿ ಒರೆಸಿಟ್ಟಿದ್ದೇವೆ; ಈ ಸಲ ಅವರು ಕಣ್ಣು ಮುಚ್ಚಿ ಕೂರಲಿ, ನಾವು ಕೇಳುತ್ತೇವೆ. ಬರುವುದು ತಡವಾದರೆ ಸಭಾಂಗಣದ ದುರಸ್ತಿಯನ್ನು ಇನ್ನಷ್ಟು ದಿನ ಮುಂದುವರಿಸುವುದು ನಮಗೇನೂ ಕಷ್ಟವಲ್ಲ.