ಎಂಟು ದಿನದ ಕುದುರೆ

ಸಾವಿರದ ಒಂಬೈನೂರ ಎಪ್ಪತ್ನಾಲ್ಕರಲ್ಲಿ ತನ್ನ ಮುದಿ ಕುದುರೆ ಸತ್ತ ಮೇಲೆ, ಬೆಟಗೇರಿಯ ಟಾಂಗಾವಾಲಾ ಮರ್ದಾನಸಾಬ ಲಕ್ಷ್ಮೇಶ್ವರದ ದೇವಪ್ಪನಿಂದ ಒಂದು ಕೆಂಪು ಕುದುರೆ ತಂದ. ಎಂಟು ದಿನ ಇಟ್ಟುಕೊಂಡು ನೋಡಿ, ಒಪ್ಪಿಗೆಯಾದರೆ ಕೊಳ್ಳುವುದೆಂದು ಮಾತಾಗಿತ್ತು.

“ಆದ್ರ ಸಾಬ್ರ, ನಿಮ್ಮ ಕೈಯಾಗ ಇದ್ದಾಗ ಕಾಲು ಮುರೀಲಿ, ಸಾಯಲಿ, ಪೂರ್ತಿ ರೊಕ್ಕ ನಿಮ್ಮ ಮ್ಯಾಲ,” ಎಂದಿದ್ದ ದೇವಪ್ಪ.

ಆ ಮಾತು ಮರ್ದಾನಸಾಬನ ಎದೆಯಲ್ಲಿ ಗೂಟ ಹೊಡೆದುಕೊಂಡು ಕೂತಿತು. ಕುದುರೆ ಕೆಮ್ಮಿದರೆ ಅವನು ಊಟ ಬಿಟ್ಟು ಎದ್ದು ಓಡುತ್ತಿದ್ದ. ಸ್ಟೇಷನ್ ರಸ್ತೆಯ ತಗ್ಗುಗಳನ್ನು ನೆನೆದು ಟಾಂಗಾ ಹೂಡಲೇ ಇಲ್ಲ. ಹುಲ್ಲಿನಲ್ಲಿ ಮುಳ್ಳು ಹುಡುಕಿದ. ನೀರನ್ನು ಮೊದಲು ತಾನು ಕುಡಿದು ನೋಡಿ ಅದಕ್ಕಿಟ್ಟ.

“ಕುದುರಿ ತಂದೀರೋ, ಅಳಿಯನ್ನ ತಂದೀರೋ?” ಎಂದು ಹೆಂಡತಿ ಮೋತಿಬಿ ಸಿಡುಕಿದಳು.

ಒಂಬತ್ತನೆಯ ದಿನ ದೇವಪ್ಪ ಬಂದಾಗ ಕುದುರೆಯ ಮೈಮೇಲೆ ಒಂದು ಗೀರೂ ಇರಲಿಲ್ಲ. ಗಂಡಾಂತರ ಕಳೆಯಿತೆಂದು ಮರ್ದಾನಸಾಬ ಅಲ್ಲಿಯೇ ರೊಕ್ಕ ಕೊಟ್ಟು, ಮೊದಲ ಸಲ ಟಾಂಗಾ ಹೂಡಿದ. ಕುದುರೆ ಹಿಂತಿರುಗಿ ಗಾಲಿ ನೋಡಿತು. ಮೈಯೆಲ್ಲ ನಡುಗಿ, ನಾಲ್ಕೂ ಕಾಲು ಊರಿ ನಿಂತುಬಿಟ್ಟಿತು.

“ಇದು ನಾ ಸವಾರಿ ಮಾಡತಿದ್ದ ಕುದುರಿ, ಸಾಬ್ರ,” ಎಂದ ದೇವಪ್ಪ. “ಟಾಂಗಾ ಎಳೀತೈತೋ ಇಲ್ಲೋ ನೋಡ್ರಿ ಅಂತನ ಎಂಟು ದಿನ ಕೊಟ್ಟಿದ್ದೆ.”